ಒಂದೇ ಉರಿ, ಬೇರೆ ಬೇರೆ ಹದ

ಎಲ್ಲರನ್ನೂ ಸಮನಾಗಿ ಕಾಣಬೇಕೆಂಬ ಮಾತನ್ನು ಒಪ್ಪದವರಿಲ್ಲ. ಆದರೆ ಸಮನಾಗಿ ಕಾಣುವುದೆಂದರೆ ಎಲ್ಲರೊಡನೆಯೂ ಒಂದೇ ರೀತಿಯಲ್ಲಿ ನಡೆದುಕೊಳ್ಳುವುದೇ? ಪ್ರಿಯ ಓದುಗರೇ, ಈ ಪ್ರಶ್ನೆಯನ್ನು ಹಿಡಿದುಕೊಂಡು ಈ ಬಾರಿ ದೂರದ ಒಂದು ಅಡುಗೆಮನೆಯನ್ನು ನೋಡಿಬರೋಣ.

ಅಮೆರಿಕದಲ್ಲಿ ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ಕೃತಜ್ಞತಾ ದಿನ. ಅಂತರ್ಯುದ್ಧದ ನಡುವೆ, 1863ರಲ್ಲಿ, ಅಧ್ಯಕ್ಷ ಅಬ್ರಹಾಂ ಲಿಂಕನ್ ದೇಶವೆಲ್ಲ ಇದನ್ನು ಆಚರಿಸಬೇಕೆಂದು ಕರೆಕೊಟ್ಟರು. 1941ರ ಕಾನೂನು ಈಗಿನ ದಿನವನ್ನು ಗೊತ್ತುಪಡಿಸಿತು. ಅಂದು ಮನೆಯವರೆಲ್ಲ ಒಂದೇ ಮೇಜಿನ ಸುತ್ತ ಕೂಡುತ್ತಾರೆ. ನಡುವೆ, ಇಡಿಯಾಗಿ ಓವನ್‌ನಲ್ಲಿ ಬೇಯಿಸಿದ ಟರ್ಕಿ ಕೋಳಿ ಇರುತ್ತದೆ.

ಅದನ್ನು ಬೇಯಿಸುವವರ ಆಸೆ ಎರಡು. ಹೊರಗೆ ತೊಗಲು ಹೊಂಗೆಂಪಾಗಿ ಗರಿಗರಿಯಾಗಬೇಕು. ಒಳಗೆ ಮಾಂಸ ರಸ ಆರದೆ ಮೃದುವಾಗಿ ಉಳಿಯಬೇಕು. ಕಷ್ಟವಿರುವುದು ಹಕ್ಕಿಯ ದೇಹರಚನೆಯಲ್ಲಿಯೇ. ಸಾಕಿದ ಟರ್ಕಿ ಹಾರುವುದಕ್ಕಿಂತ ನಡೆಯುವುದೇ ಹೆಚ್ಚು. ಆದುದರಿಂದ ಅದರ ಎದೆಯ ಮಾಂಸ ಬಿಳುಪು, ಕೊಬ್ಬು ಕಡಿಮೆ. ದುಡಿದ ಕಾಲುಗಳ ಮಾಂಸ ಗಾಢಬಣ್ಣದ್ದು, ಗಟ್ಟಿಯಾದದ್ದು. ಎದೆಗೆ 74 ಡಿಗ್ರಿ ಸೆಲ್ಸಿಯಸ್ ಬಿಸಿ ಸಾಕು. ಅದಕ್ಕಿಂತ ಮೇಲೇರಿದಷ್ಟೂ ಒಣಗುತ್ತದೆ. ತೊಡೆಯಾದರೋ 80 ಡಿಗ್ರಿಯ ಆಸುಪಾಸಿಗೆ ಬಂದಾಗಲೇ ಮೆತ್ತಗಾಗುತ್ತದೆ. ಓವನ್ ಒಂದೇ, ಉರಿ ಒಂದೇ, ಬೇಯುವ ಹೊತ್ತೂ ಒಂದೇ. ಆದರೂ ತೊಡೆಗಾಗಿ ಕಾದರೆ ಎದೆ ಒಣಗುತ್ತದೆ. ಎದೆಗಾಗಿ ಬೇಗ ಹೊರತೆಗೆದರೆ ತೊಡೆ ಹದಕ್ಕೆ ಬಂದಿರುವುದಿಲ್ಲ.

ಮೇಲಿನ ಬಣ್ಣವನ್ನು ನೋಡಿ ತೀರ್ಮಾನಿಸುವಂತಿಲ್ಲ. ಪ್ರೋಟೀನಿನ ಅಂಶಗಳೂ ಸಕ್ಕರೆಯೂ ಬಿಸಿಯಲ್ಲಿ ಕೂಡಿ ಕಂದುಬಣ್ಣ ತಳೆಯುವುದನ್ನು ಫ್ರೆಂಚ್ ವಿಜ್ಞಾನಿ ಲೂಯಿ ಕಾಮಿಯ್ ಮೈಯಾರ್ 1912ರಲ್ಲಿ ವಿವರಿಸಿದರು. ತೊಗಲು ಒದ್ದೆಯಾಗಿರುವ ತನಕ ಅದರ ಬಿಸಿ 100 ಡಿಗ್ರಿಯ ಮೇಲೇರದು. ಒಣಗಿದ ಮೇಲೆಯೇ ಚೆನ್ನಾಗಿ ಕೆಂಪೇರುತ್ತದೆ. ಹೀಗೆ ಹೊಂಬಣ್ಣವು ತೊಗಲಿನ ವಿಚಾರವನ್ನಷ್ಟೇ ತಿಳಿಸುತ್ತದೆ. ಮೂಳೆಯ ಬಳಿಯ ಮಾಂಸ ಹೇಗಿದೆಯೆಂಬುದನ್ನು ಅದು ಹೇಳಲಾರದು.

ಬಲ್ಲವರು ಒಂದೆರಡು ದಿನ ಮೊದಲೇ ಹಕ್ಕಿಗೆ ಉಪ್ಪು ಸವರಿ, ಮುಚ್ಚದೆ ಫ್ರಿಜ್‌ನಲ್ಲಿ ಇಡುತ್ತಾರೆ. ಒಳಗಿಳಿದ ಉಪ್ಪು ಮಾಂಸದ ನೀರನ್ನು ಹಿಡಿದಿಡುತ್ತದೆ. ಹೊರಗೆ ತೊಗಲು ಒಣಗಿ ಕೆಂಪಾಗಲು ಅಣಿಯಾಗುತ್ತದೆ. ಎದೆ ಬೇಗ ಕೆಂಪೇರಿದರೆ ಅದರ ಮೇಲಷ್ಟೇ ಅಲ್ಯೂಮಿನಿಯಂ ಹಾಳೆ ಹೊದಿಸುತ್ತಾರೆ. ಕೆಲವರು ಬೆನ್ನೆಲುಬನ್ನು ಕತ್ತರಿಸಿ ತೆಗೆದು, ಕಾಲುಗಳಿಗೆ ಚೆನ್ನಾಗಿ ಬಿಸಿ ತಾಗುವಂತೆ ಹಕ್ಕಿಯನ್ನು ಚಪ್ಪಟೆಯಾಗಿ ಹರಡುತ್ತಾರೆ. ಕೊನೆಗೆ ಅಡುಗೆಯ ಥರ್ಮಾಮೀಟರನ್ನು ಎದೆಗೂ ತೊಡೆಗೂ ಬೇರೆಬೇರೆಯಾಗಿ ಚುಚ್ಚಿ ನೋಡುತ್ತಾರೆ. ಯಾವ ಭಾಗವೂ 74 ಡಿಗ್ರಿಗಿಂತ ಕಡಿಮೆ ಇರಬಾರದೆಂಬುದು ಅಲ್ಲಿನ ಕೃಷಿ ಇಲಾಖೆಯ ಎಚ್ಚರಿಕೆ. ಹೊರತೆಗೆದ ಮೇಲೂ ಅರ್ಧ ಗಂಟೆ ಹಾಗೆಯೇ ಬಿಟ್ಟು, ಆಮೇಲೆ ಕೊಯ್ಯುತ್ತಾರೆ.

ಈಗ ನಮ್ಮ ಪ್ರಶ್ನೆಗೆ ಬರೋಣ. "ನನ್ನ ಮನೆಯಲ್ಲಿ ಎಲ್ಲರಿಗೂ ಒಂದೇ ನಿಯಮ" ಎಂದು ಹೇಳುವ ತಂದೆಗೆ ತಾನು ನ್ಯಾಯವಂತನೆಂಬ ಸಮಾಧಾನವಿರುತ್ತದೆ. ಆದರೆ ಒಂದೇ ಗದರಿಕೆಗೆ ಒಂದು ಮಗು ತಿದ್ದಿಕೊಳ್ಳುತ್ತದೆ, ಇನ್ನೊಂದು ಮಗು ಒಳಗೊಳಗೇ ಬಾಡಿಹೋಗುತ್ತದೆ. ಹೊರಗಿನಿಂದ ನೋಡಿದರೆ ಇಬ್ಬರೂ ಶಿಸ್ತಿನ ಮಕ್ಕಳು. ಒಳಗೇನಾಗಿದೆಯೆಂದು ಯಾರೂ ನೋಡಿಲ್ಲ. ಇಂಥಲ್ಲಿ ಏಕರೂಪದ ನಿಯಮವು ನ್ಯಾಯವನ್ನು ಕೊಡುವುದಿಲ್ಲ. ನ್ಯಾಯದ ಶ್ರಮವನ್ನು ತಪ್ಪಿಸಿಕೊಳ್ಳಲು ದಾರಿಯಾಗುತ್ತದೆ.

ಇಲ್ಲಿ ನೀವು ಆಕ್ಷೇಪಿಸಬಹುದು. ಬೇರೆಬೇರೆಯಾಗಿ ಕಾಣಬಹುದೆಂದರೆ ಪಕ್ಷಪಾತಕ್ಕೆ ಬಾಗಿಲು ತೆರೆದಂತಾಗದೇ? ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಎಂಬ ಗಾದೆ ಹುಟ್ಟಿದ್ದು ಸುಮ್ಮನೆಯೇ? ಈ ಆಕ್ಷೇಪಣೆ ಹಗುರವಾದುದಲ್ಲ. ಮಗನನ್ನು ಕಾಲೇಜಿಗೆ ಕಳುಹಿಸಿ ಮಗಳನ್ನು ಒಲೆಯ ಮುಂದೆ ನಿಲ್ಲಿಸಿದ ಹೆತ್ತವರೂ "ಅವರವರಿಗೆ ತಕ್ಕಂತೆ" ಎಂದೇ ಸಮರ್ಥಿಸಿಕೊಂಡರು.

ಆದುದರಿಂದ ಭೇದ ಮಾಡುವವರು ಮೂರು ಪರೀಕ್ಷೆಗಳಿಗೆ ಒಳಗಾಗಬೇಕು. ಮೊದಲನೆಯದಾಗಿ, ನಾವು ಅಳೆಯುತ್ತಿರುವುದು ಯಾರನ್ನು? ಥರ್ಮಾಮೀಟರನ್ನು ಚುಚ್ಚುವುದು ಮಾಂಸಕ್ಕೆ. ಅಡುಗೆಯವರ ಇಷ್ಟಾನಿಷ್ಟಕ್ಕೆ ಅಲ್ಲಿ ಎಡೆಯಿಲ್ಲ. ಎರಡನೆಯದಾಗಿ, ಯಾರೂ ಅದಕ್ಕಿಂತ ಕೆಳಗಿಳಿಯಬಾರದ ಒಂದು ಮಟ್ಟವನ್ನು ಎಲ್ಲರಿಗೂ ಕಾಯ್ದಿದ್ದೇವೆಯೇ? ಮಗಳ ಓದನ್ನು ಕಿತ್ತುಕೊಂಡ ಮನೆ ಇಲ್ಲಿಯೇ ಸೋಲುತ್ತದೆ. ಮೂರನೆಯದಾಗಿ, ಗುರಿ ಒಂದೇ ಆಗಿದೆಯೇ? ಎದೆಗೆ ಹಾಳೆ ಹೊದಿಸಿದ್ದೂ ತೊಡೆಗೆ ಬಿಸಿ ಹೆಚ್ಚಿಸಿದ್ದೂ ಎರಡೂ ಒಂದೇ ಊಟಕ್ಕೆ ಹದವಾಗಿ ಬರಲೆಂದೇ. ಒಬ್ಬರನ್ನು ಮೇಲೆತ್ತಿ ಮತ್ತೊಬ್ಬರನ್ನು ಹಿಂದೆ ಬಿಡುವ ಭೇದಕ್ಕೆ ಪ್ರೀತಿಯೆಂಬ ಹೆಸರು ಸಲ್ಲದು.

ಹೋಲಿಕೆಗೂ ಒಂದು ಮಿತಿಯಿದೆ. ಮಾಂಸ ಮಾತನಾಡದು, ಅದಕ್ಕೇ ಅಲ್ಲಿ ಉಪಕರಣ ಬೇಕು. ನಮ್ಮ ಮನೆಯ ಮಕ್ಕಳು, ವೃದ್ಧರು, ಅಸ್ವಸ್ಥರು ಮಾತನಾಡಬಲ್ಲರು. ಮುಂದಿನ ಬಾರಿ "ಎಲ್ಲರಿಗೂ ಒಂದೇ" ಎಂಬ ಮಾತು ನಮ್ಮ ಬಾಯಿಂದ ಹೊರಡುವ ಮುನ್ನ, ಒಬ್ಬೊಬ್ಬರ ಬಳಿಯೂ ಸ್ವಲ್ಪ ಹೊತ್ತು ಕುಳಿತು, ನಿನಗೆ ಏನು ಬೇಕಾಗಿದೆಯೆಂದು ಕೇಳೋಣ.