ವೃತ್ತದ ಹಿಂಬದಿ

ಗುಂಡೆಸೆತದ ನಿಯಮಗಳಲ್ಲಿ ವಿಚಾರವಂತರು ಮನನಮಾಡತಕ್ಕುದೊಂದುಂಟು. 7.26 ಕಿಲೋಗ್ರಾಂ ತೂಕದ ಗುಂಡನ್ನು 2.135 ಮೀಟರು ಅಡ್ಡಳತೆಯ ವೃತ್ತದೊಳಗಿಂದ ಎಸೆದವನು, ಅದು ನೆಲ ಮುಟ್ಟುವವರೆಗೆ ಒಳಗೇ ನಿಂತಿದ್ದು, ಬಳಿಕ ವೃತ್ತದ ಹಿಂದಿನ ಅರ್ಧದಿಂದಲೇ ಹೊರಬರಬೇಕು. ಮುಂದಕ್ಕೆ ಕಾಲಿಟ್ಟನೆಂದರೆ ಎಸೆತವೆಷ್ಟು ದೂರದ್ದಾದರೂ ಲೆಕ್ಕಕ್ಕೆ ಬಾರದು. ಎಸೆಯುವುದರಂತೆಯೇ ಹೊರಬರುವುದೂ ಆ ವಿದ್ಯೆಯ ಅಂಗವೆಂದಾಯಿತು.

ಕುರುಗೋಡಿನ ದೊಡ್ಡಬಸವೇಶ್ವರನು ಏಕಶಿಲೆಯಲ್ಲಿ ಶತಮಾನಗಳಿಂದಲೂ ಒಂದೇ ಭಂಗಿಯಲ್ಲಿದ್ದಾನೆ. ಮನುಷ್ಯನ ತೋಳಿಗೆ ಆ ವರವಿಲ್ಲ. ತೋಳನ್ನೇ ನೆಚ್ಚಿ ಹೆಸರು ಪಡೆದವನಿಗೆ ಅದರ ಕಸುವು ಇಳಿದ ಮೇಲೆ ತನ್ನದೆನ್ನಲು ಏನುಳಿಯಿತು?

ಉಳಿಯುವುದು ಅರಿವು. ಗುಂಡು ಹೊರಡುವುದು ಕೈಯಿಂದಲಾದರೂ ಬಲ ಹುಟ್ಟುವುದು ನೆಲವನ್ನೊತ್ತಿದ ಕಾಲಿನಲ್ಲಿ. ಸೊಂಟದ ತಿರುವಿನಿಂದ ಅದು ಭುಜಕ್ಕೇರಿ ಬೆರಳ ತುದಿಗೆ ಬರುತ್ತದೆ. ಸಿರುಗುಪ್ಪದ ಅಕ್ಕಿಗಿರಣಿಯಲ್ಲಿ ನೆಲ್ಲಿನ ಮೂಟೆಯನ್ನೆತ್ತುವ ಹಮಾಲನೂ ಬಳ್ಳಾರಿಯ ಗರಡಿಯ ಉಸ್ತಾದನೂ ಈ ಮರ್ಮವನ್ನು ಬಲ್ಲರು; ತಾವು ಎತ್ತಲಾರದ ವಯಸ್ಸಿನಲ್ಲಿಯೂ ಎತ್ತುವ ಬಗೆಯನ್ನು ತೋರಿಸಿಕೊಡಬಲ್ಲರು.

ಅಮೆರಿಕದ ಜಾನ್ ಗೊಡಿನರು 1995, 1997, 2001ನೆಯ ಇಸವಿಗಳಲ್ಲಿ ಗುಂಡೆಸೆತದ ವಿಶ್ವವಿಜೇತರು. ಒಲಿಂಪಿಕ್ ಸ್ವರ್ಣ ಮಾತ್ರ ಅವರಿಗೆ ದೊರೆಯಲಿಲ್ಲ. 1996ರಲ್ಲಿ ಬೆಳ್ಳಿ, 2000ದಲ್ಲಿ ಕಂಚು. ಮುಂದೆ ಅವರು ಅರಿಜೋನದಲ್ಲಿ ಎಸೆತದ ಶಿಕ್ಷಕರಾದರು. ಮೈಸೂರಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ವಿಕಾಸ್ ಗೌಡರು ಅವರಲ್ಲಿ ಅಭ್ಯಾಸಮಾಡಿದರು. 2014ರಲ್ಲಿ ಗ್ಲಾಸ್ಗೋ ನಗರದ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಚಕ್ರವನ್ನು 63.64 ಮೀಟರು ಎಸೆದು ಚಿನ್ನ ಗೆದ್ದರು. ಆ ಕೂಟದ ಅಥ್ಲೆಟಿಕ್ಸ್‌ನಲ್ಲಿ 1958ರ ಮಿಲ್ಖಾ ಸಿಂಗರ ತರುವಾಯ ಭಾರತದ ಪುರುಷನೊಬ್ಬನಿಗೆ ಚಿನ್ನ ಬಂದುದು ಆಗಲೇ.

ಆ ಚಿನ್ನ ಯಾರದು? ಗುರುವಿನದೂ ಹೌದೆನ್ನುವ ಮಾತು ಹಿತವಾದುದು. ಆದರೆ ಅದರಲ್ಲೊಂದು ಅಪಾಯವಡಗಿದೆ. ತನಗೆ ದಕ್ಕದುದನ್ನು ಶಿಷ್ಯನ ತೋಳಿನಿಂದ ದಕ್ಕಿಸಿಕೊಳ್ಳಹೊರಟ ಗುರುವಿಗೆ ಶಿಷ್ಯನು ಕೇವಲ ಉಪಕರಣವಾಗುತ್ತಾನೆ. ನೊಂದ ಭುಜಕ್ಕೆ ವಿಶ್ರಾಂತಿ ಕೊಡಲು ಅಂಥವನಿಗೆ ಮನಸ್ಸು ಬಾರದು. ಶಿಷ್ಯನ ಸೋಲು ತನಗಾದ ಅವಮಾನವೆಂದು ತೋರುವುದು. ಅವನು ವೃತ್ತದ ಮುಂಬದಿಯಿಂದ ಹೊರಬಂದವನು. ಮಗನಿಂದ ತನ್ನ ಹಳೆಯ ಆಸೆಯನ್ನು ಪೂರೈಸಿಕೊಳ್ಳಬಯಸುವ ತಂದೆಗೂ ಈ ಮಾತು ಸಲ್ಲುವುದು.

ಹಾಗಾದರೆ ಗುರುವಿಗೆ ಪ್ರತಿಫಲವೇ ಇಲ್ಲವೆ? ಇಲ್ಲದೇನು! ತಾನು ಬಲ್ಲುದು ತನ್ನ ದೇಹದೊಡನೆ ಅಳಿಯದೆ ಇನ್ನೊಬ್ಬನಲ್ಲಿ ನಡೆಯುವುದನ್ನು ಕಣ್ಣಾರೆ ಕಾಣುವ ಭಾಗ್ಯ ಅವನದು. ಅಷ್ಟು ಸಾಕೆನ್ನಬಲ್ಲವನೇ ಕಲಿಸಲು ಅರ್ಹನು. ಪಟ್ಟನ್ನು ತೋರಿಸಿಕೊಟ್ಟು, ಹುಡುಗನನ್ನು ಮಟ್ಟಿಯಲ್ಲಿ ಬಿಟ್ಟು, ಗೋಡೆಯ ಬದಿಗೆ ಸರಿದು ನಿಲ್ಲುವ ಉಸ್ತಾದನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.