ಅರಮನೆಯಲ್ಲಿ ಉಳಿದ ಕಾಲು

ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಉತ್ತರಕ್ಕೆ, ಟೌನಸ್ ಬೆಟ್ಟಗಳ ತಪ್ಪಲಲ್ಲಿ ಬಾದ್ ಹೋಮ್‌ಬುರ್ಗ್ ಎಂಬ ಊರಿದೆ. ಖನಿಜ ನೀರಿನ ಬುಗ್ಗೆಗಳಿಂದ ಹೆಸರಾದ ಊರು. 1912ರಲ್ಲಿ ಅದರ ಹೆಸರಿಗೆ ಸೇರಿದ ‘ಬಾದ್’ ಎಂಬ ಮಾತಿಗೆ ಸ್ನಾನವೆಂದೇ ಅರ್ಥ. ಅಲ್ಲಿನ ಅರಮನೆಯಲ್ಲಿ ಒಂದು ಕೃತಕ ಕಾಲನ್ನು ಕಾಪಿಟ್ಟಿದ್ದಾರೆ.

ಅದು ಆ ಅರಮನೆಯನ್ನು ಕಟ್ಟಿಸಿದ ಎರಡನೆಯ ಫ್ರೆಡರಿಕ್‌ನ ಕಾಲು. 1633ರಲ್ಲಿ ಹುಟ್ಟಿದ ಅವನು ಸ್ವೀಡನ್ ಸೇನೆಯಲ್ಲಿದ್ದಾಗ, 1659ರ ಕೋಪನ್‌ಹೇಗನ್ ಮುತ್ತಿಗೆಯಲ್ಲಿ ಕಾಲು ಕಳೆದುಕೊಂಡ. ಬೆಳ್ಳಿಯ ಕೀಲುಗಳಿದ್ದ ಮರದ ಕಾಲಿನಿಂದಾಗಿ ‘ಬೆಳ್ಳಿ ಕಾಲಿನ ದೊರೆ’ ಎಂದೇ ಹೆಸರಾದ. 1675ರಲ್ಲಿ ಬ್ರಾಂಡೆನ್‌ಬುರ್ಗ್ ಕಡೆಯ ಅಶ್ವದಳದ ನಾಯಕನಾಗಿ, ಫೆರ್ಬೆಲಿನ್‌ನಲ್ಲಿ ಅದೇ ಸ್ವೀಡನ್ನರ ವಿರುದ್ಧ ಹೋರಾಡಿದ. ಆಗ ಅವನು ನಲವತ್ತು ದಾಟಿದ್ದ. 1680ರಿಂದ ಹಳೆಯ ಕೋಟೆಯನ್ನು ಕೆಡವಿಸಿ ಹೊಸ ಅರಮನೆ ಎಬ್ಬಿಸುವಾಗ ಮಧ್ಯಯುಗದ ಬಿಳಿ ಗೋಪುರವೊಂದನ್ನು ಮಾತ್ರ ಹಾಗೆಯೇ ಬಿಟ್ಟ.

ನೂರಕ್ಕೂ ಹೆಚ್ಚು ವರ್ಷಗಳ ಮೇಲೆ ನಾಟಕಕಾರ ಹೈನ್‌ರಿಶ್ ಫಾನ್ ಕ್ಲೈಸ್ಟ್ ಈ ದೊರೆಯನ್ನೇ ಹಾಗೆ ಕೆಡವಿ ಕಟ್ಟಿದ. ಉಳಿಸಿಕೊಂಡದ್ದು ಹೆಸರು ಮತ್ತು ಯುದ್ಧ, ಎರಡೇ. ‘ಹೋಮ್‌ಬುರ್ಗ್‌ನ ರಾಜಕುಮಾರ’ ನಾಟಕದ ನಾಯಕ ಕನಸಿನಲ್ಲಿ ನಡೆದಾಡುವ ತರುಣ. ಅಪ್ಪಣೆ ಮೀರಿ ಯುದ್ಧಕ್ಕೆ ನುಗ್ಗಿ ಗೆಲ್ಲುತ್ತಾನೆ, ಮರಣದಂಡನೆಗೆ ಗುರಿಯಾಗುತ್ತಾನೆ. ತನಗಾಗಿ ತೋಡಿದ ಗುಂಡಿ ಕಂಡು ಜೀವಭಿಕ್ಷೆ ಬೇಡುತ್ತಾನೆ; ಕೊನೆಗೆ ತೀರ್ಪು ನ್ಯಾಯವೆಂದು ತಾನೇ ಒಪ್ಪಿದಾಗ ಕ್ಷಮೆ ಸಿಗುತ್ತದೆ. ಇತಿಹಾಸದ ಫ್ರೆಡರಿಕ್‌ನಿಗೆ ಅಂಥ ಯಾವ ಶಿಕ್ಷೆಯೂ ಆಗಿರಲಿಲ್ಲ.

ಸತ್ತವರ ಬದುಕನ್ನು ಹೀಗೆ ತಿದ್ದುವ ಹಕ್ಕು ಕವಿಗೆ ಉಂಟೆ? ಕತೆಯನ್ನು ಹೇಳುವವರು ತಮ್ಮ ಕಾಲಕ್ಕೆ ತಕ್ಕಂತೆ ಹೇಳುತ್ತಾರೆ, ಅದರಲ್ಲಿ ತಪ್ಪೇನು ಎನ್ನಬಹುದು. ಅಪ್ಪಣೆ ದೊಡ್ಡದೋ ಅಂತಃಸ್ಫೂರ್ತಿ ದೊಡ್ಡದೋ ಎಂಬ ಪ್ರಶ್ನೆಯನ್ನು ಕೇಳಲು ಕ್ಲೈಸ್ಟ್‌ಗೆ ಎಳೆಯ ವಯಸ್ಸಿನ ದುಡುಕು ಬೇಕಿತ್ತು. ಆದರೂ ತೆಗೆದುಹಾಕಿದ್ದು ಏನನ್ನು ಎಂದು ನೋಡಬೇಕು. ಅಂಗವಿಕಲನಾಗಿಯೂ ಕುದುರೆಯೇರಿ ದಂಡು ನಡೆಸಿದ್ದು ಆ ಮನುಷ್ಯ ನಿಜವಾಗಿ ಗಳಿಸಿಕೊಂಡ ಧೈರ್ಯ. ವೀರನೆಂದರೆ ಊನವಿಲ್ಲದ ಮೈಯೇ ಕಣ್ಣಿಗೆ ಬರುವ ನಮ್ಮ ಅಭ್ಯಾಸ ಅದನ್ನು ಅಳಿಸಲು ಸುಲಭವಾಗಿ ಒಪ್ಪಿಬಿಡುತ್ತದೆ.

ಕ್ಲೈಸ್ಟ್ ಮಾತ್ರ ತನ್ನ ವೀರನನ್ನು ಪೂರ್ತಿ ನಯಗೊಳಿಸಲಿಲ್ಲ. ಕಾಲಿನ ಊನ ತೆಗೆದವನು ಸಾವಿನ ಭಯ ಕೊಟ್ಟ. ಸೇನಾಧಿಕಾರಿಯೊಬ್ಬ ಪ್ರಾಣಕ್ಕಾಗಿ ಅಂಗಲಾಚುವ ದೃಶ್ಯವನ್ನು ಆ ಕಾಲ ಸಹಿಸಲಿಲ್ಲ. ಫ್ರೆಡರಿಕ್‌ನ ವಂಶದಲ್ಲೇ ಹುಟ್ಟಿದ ರಾಜಕುಮಾರಿ ಮರಿಯಾನೆಗೆ ಅರ್ಪಿಸಿದ ನಾಟಕ ಕವಿಯ ಜೀವಿತದಲ್ಲಿ ರಂಗ ಕಾಣಲೇ ಇಲ್ಲ. 1811ರಲ್ಲಿ ಕ್ಲೈಸ್ಟ್ ಆತ್ಮಹತ್ಯೆ ಮಾಡಿಕೊಂಡ. ಮೊದಲ ಪ್ರದರ್ಶನ ನಡೆದದ್ದು 1821ರಲ್ಲಿ, ವಿಯೆನ್ನಾದಲ್ಲಿ.

ಭಯಪಟ್ಟ ವೀರನನ್ನು ಒಪ್ಪಲು ನಾಟಕ ಕಲಿಸುತ್ತದೆ, ಕುಂಟುವ ವೀರನನ್ನು ಒಪ್ಪಲು ಕಲಿಸುವುದಿಲ್ಲ. ಹಾಗೆಂದು ನಾಟಕವನ್ನು ಸುಳ್ಳೆಂದು ತಳ್ಳಬೇಕಿಲ್ಲ. ಕವಿಗೆ ಸ್ವಾತಂತ್ರ್ಯ ಇರಲಿ. ಅವನು ಬಿಟ್ಟದ್ದನ್ನು ಕಾಯುವ ಹೊಣೆ ಮಾತ್ರ ಉಳಿದವರ ಮೇಲೆ ಬೀಳುತ್ತದೆ. ನಾಟಕ ಓದಿ ಹೋಮ್‌ಬುರ್ಗ್‌ಗೆ ಹೋದವರು ಅರಮನೆಯಲ್ಲಿ ಆ ಕಾಲನ್ನೂ ನೋಡಬಹುದು.