ಅಪ್ಪನ ಕಂಪ್ಯೂಟರಿಗೆ ಬೀಗ ಹಾಕಬಹುದೇ?

ಮಕ್ಕಳು ಬೆಂಗಳೂರಲ್ಲಿ, ಅಪ್ಪ-ಅಮ್ಮ ಊರಲ್ಲಿ. ಪ್ರಿಂಟರ್ ಓಡ್ತಿಲ್ಲ, ಪೆನ್ಷನ್ ಸ್ಲಿಪ್ ಡೌನ್‌ಲೋಡ್ ಆಗ್ತಿಲ್ಲ, ಮೊಮ್ಮಗಳ ಫೋಟೋ ಎಲ್ಲಿ ಸೇವ್ ಆಯ್ತೋ ಗೊತ್ತಿಲ್ಲ. ಭಾನುವಾರ ಬೆಳಗ್ಗೆ ನಮ್ಮ ಎಷ್ಟೋ ಮನೆಗಳಲ್ಲಿ ಕೇಳಿಬರುವ ಮಾತು ಇದು: "ಅಪ್ಪ, ಆ ಕೆಂಪು ಐಕಾನ್ ಒತ್ತಿ. ಒಂದು ನಂಬರ್ ಕಾಣತ್ತಲ್ಲ, ಓದಿ. ಈಗ ಅಕ್ಸೆಪ್ಟ್ ಅಂತ ಬರತ್ತೆ, ಒತ್ತಿ. ಸರಿ, ಇನ್ನು ಮೌಸ್ ಮುಟ್ಟಬೇಡಿ, ನಾನು ನೋಡ್ಕೋತೀನಿ."

ಈಗ ಬ್ಯಾಂಕಿನ ಹೆಸರಲ್ಲಿ ಫೋನ್ ಮಾಡುವ ವಂಚಕನ ಮಾತು ಕೇಳಿ. "ಸರ್, ಆ ಕೆಂಪು ಐಕಾನ್ ಒತ್ತಿ. ನಂಬರ್ ಓದಿ. ಅಕ್ಸೆಪ್ಟ್ ಒತ್ತಿ. ಮೌಸ್ ಮುಟ್ಟಬೇಡಿ." ಒಂದಕ್ಷರ ವ್ಯತ್ಯಾಸವಿಲ್ಲ. ಫೋನಿನಲ್ಲಿ ಬಂದ ದನಿಯೊಂದಕ್ಕೆ ಕಂಪ್ಯೂಟರನ್ನು ಪೂರ್ತಿ ಒಪ್ಪಿಸಿಬಿಡುವ ಈ ಪಾಠವನ್ನು ಹಿರಿಯರಿಗೆ ಮೊದಲು ಹೇಳಿಕೊಟ್ಟವರು ವಂಚಕರಲ್ಲ, ಮನೆಮಕ್ಕಳು. ಪ್ರೀತಿಯಿಂದಲೇ ಹೇಳಿಕೊಟ್ಟಿದ್ದು. ಆದರೆ ಯಂತ್ರಕ್ಕೆ ಪ್ರೀತಿ ಯಾವುದು, ಮೋಸ ಯಾವುದು ಅಂತ ಗೊತ್ತಾಗುವುದಿಲ್ಲ.

ಈ ಮೋಸದಲ್ಲಿ ಹ್ಯಾಕಿಂಗ್ ಅನ್ನುವಂಥದ್ದು ಹೆಚ್ಚಿಗೆ ಏನೂ ಇಲ್ಲ. ನೆಟ್ಟಿನಲ್ಲಿ ಏನೋ ಓದುತ್ತಿರುವಾಗ ಸ್ಕ್ರೀನ್ ತುಂಬ ಎಚ್ಚರಿಕೆ ಬರುತ್ತದೆ: ವೈರಸ್ ಹೊಕ್ಕಿದೆ, ಆಫ್ ಮಾಡಬೇಡಿ, ಈ ನಂಬರಿಗೆ ಕರೆ ಮಾಡಿ. ಜೊತೆಗೆ ಎದೆ ನಡುಗಿಸುವ ಬೀಪ್. ಅದು ಬರೀ ಒಂದು ವೆಬ್ ಪೇಜ್. ಕರೆ ಮಾಡಿದರೆ ವಿಂಡೋಸಿನ ಈವೆಂಟ್ ವ್ಯೂವರ್ ತೆಗೆಸಿ, ಅಲ್ಲಿರುವ ಕೆಂಪು ಗುರುತುಗಳನ್ನು ತೋರಿಸಿ, "ನೋಡಿ ಸರ್, ಎಷ್ಟು ವೈರಸ್" ಅನ್ನುತ್ತಾರೆ. ಚೆನ್ನಾಗಿ ಓಡುವ ಕಂಪ್ಯೂಟರಿನಲ್ಲೂ ಆ ಕೆಂಪು ಗುರುತುಗಳು ಇದ್ದೇ ಇರುತ್ತವೆ. ಆಮೇಲೆ ಎನಿಡೆಸ್ಕ್, ಟೀಮ್‌ವ್ಯೂವರ್. ಇವು ವೈರಸ್ ಅಲ್ಲ, ಆಫೀಸುಗಳಲ್ಲಿ ದಿನಾ ಬಳಸುವ ಸಾಫ್ಟ್‌ವೇರ್. ಹಾಗಾಗಿ ಆಂಟಿವೈರಸ್ ಸುಮ್ಮನಿರುತ್ತದೆ. ಬಾಗಿಲನ್ನು ಒಳಗಿನಿಂದಲೇ ತೆಗೆದಾಗ ಬೇಲಿ ಏನು ಮಾಡೀತು? 2019ರ ಫೆಬ್ರವರಿಯಲ್ಲೇ ರಿಸರ್ವ್ ಬ್ಯಾಂಕ್ ಎನಿಡೆಸ್ಕ್ ಹೆಸರು ಹೇಳಿ ಬ್ಯಾಂಕುಗಳಿಗೆ ಎಚ್ಚರಿಕೆ ಕೊಟ್ಟಿತ್ತು.

ಹಾಗಾದರೆ ಮಾಡೋದೇನು? ನಮ್ಮ ತಲೆಮಾರಿನ ಸುಲಭದ ಉತ್ತರ: ಬೀಗ. ಅಡ್ಮಿನ್ ಪಾಸ್‌ವರ್ಡ್ ಮಗನ ಹತ್ತಿರ, ನೆಟ್‌ಬ್ಯಾಂಕಿಂಗ್ ಮಗಳ ಹತ್ತಿರ, ಅಪ್ಪನಿಗೆ ಯೂಟ್ಯೂಬು, ಪಂಚಾಂಗ. ಸುರಕ್ಷಿತ, ನಿಜ. ಆದರೆ ಮೂವತ್ತು ವರ್ಷ ಕಚೇರಿಯ ಲೆಕ್ಕ ನೋಡಿದವರು, ಒಂದೇ ಸಂಬಳದಲ್ಲಿ ಇಬ್ಬರನ್ನು ಇಂಜಿನಿಯರಿಂಗ್ ಓದಿಸಿದವರು, ಇನ್ನು ಮುಂದೆ ಕರೆಂಟ್ ಬಿಲ್ ಕಟ್ಟಲು ಮಗನ ಅನುಮತಿ ಕೇಳಬೇಕು. ಹಣ ಉಳಿಯಿತು, ಯಜಮಾನಿಕೆ ಹೋಯಿತು. ವಂಚಕ ಒಂದು ಸಲಕ್ಕೆ ಕಿತ್ತುಕೊಳ್ಳುವುದನ್ನು ಮಕ್ಕಳು ಕಂತಿನಲ್ಲಿ ಕಿತ್ತುಕೊಂಡಂತೆ ಆಗಲಿಲ್ಲವೇ?

"ಅಯ್ಯೋ, ತತ್ವ ಎಲ್ಲ ಇರಲಿ ಮಾರಾಯ, ರಿಟೈರ್‌ಮೆಂಟ್ ದುಡ್ಡು ಹೋದ್ರೆ ಯಾರು ಕೊಡ್ತಾರೆ?" ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಹಿರಿಯರ ಸ್ವಾಭಿಮಾನದ ಹೆಸರಲ್ಲಿ ಅವರನ್ನು ಒಂಟಿಯಾಗಿ ಬಿಟ್ಟುಬಿಡುವುದೂ ಗೌರವ ಅಲ್ಲ, ಅದು ನಮ್ಮ ಸೋಮಾರಿತನಕ್ಕೆ ಕೊಟ್ಟ ಒಳ್ಳೆ ಹೆಸರು. ಹಾಗಾಗಿ ಬೀಗ ಬೇಕೋ ಬೇಡವೋ ಅನ್ನುವುದಕ್ಕಿಂತ, ಆ ಬೀಗದ ಬಗ್ಗೆ ತೀರ್ಮಾನ ಯಾರದು ಅನ್ನುವುದು ಮುಖ್ಯ. ಅಪ್ಪನಿಗೆ ತಿಳಿಸಿ, ಅವರು ಒಪ್ಪಿ ಹಾಕಿದ್ದು ಬೇಲಿ. ಅವರಿಗೆ ಗೊತ್ತಿಲ್ಲದೆ ಹಾಕಿದ್ದು ದಿಗ್ಬಂಧನ. ಇದಕ್ಕೊಂದು ಸರಳ ಪರೀಕ್ಷೆ ಇದೆ: ಅದೇ ಬೇಲಿಯನ್ನು ನಿಮ್ಮ ಲ್ಯಾಪ್‌ಟಾಪಿಗೂ ಹಾಕಿಕೊಳ್ಳಲು ನೀವು ತಯಾರಿದ್ದೀರಾ? ಷೇರು ವ್ಯವಹಾರದ ನಕಲಿ ಆ್ಯಪುಗಳಿಗೆ, 'ಪಾರ್ಟ್ ಟೈಮ್ ಜಾಬ್' ಸಂದೇಶಗಳಿಗೆ ದುಡ್ಡು ಸುರಿದವರಲ್ಲಿ ನಮ್ಮ ವಯಸ್ಸಿನವರು ಏನು ಕಮ್ಮಿಯಿಲ್ಲ.

ಇನ್ನೊಂದು ಪದ ಇಲ್ಲಿ ಚುಚ್ಚುತ್ತದೆ. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆಯ ಪ್ರಕಾರ, ತಪ್ಪು ಬ್ಯಾಂಕಿನದೂ ಅಲ್ಲ ಗ್ರಾಹಕನದೂ ಅಲ್ಲ ಅಂತಾದರೆ, ಮೂರು ಕೆಲಸದ ದಿನಗಳೊಳಗೆ ತಿಳಿಸಿದ ಗ್ರಾಹಕನಿಗೆ ನಷ್ಟವಿಲ್ಲ. ಆದರೆ ಪಾಸ್‌ವರ್ಡಿನಂಥದ್ದನ್ನು ಗ್ರಾಹಕನೇ ಹೇಳಿದ್ದರೆ ಅದು 'ನಿರ್ಲಕ್ಷ್ಯ'. ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವೆಲ್ಲ ಅವನದೇ. ಕಾನೂನಿಗೆ ಎಲ್ಲೋ ಒಂದು ಗೆರೆ ಎಳೆಯಲೇಬೇಕು, ಒಪ್ಪೋಣ. ಆದರೆ ಮನೆಯೊಳಗೂ ಅದೇ ಪದ ಬಳಸಬೇಕೇ? ನಿರ್ಲಕ್ಷ್ಯ ಅಂದರೆ ಗಮನ ಕೊಡದಿರುವುದು. ಕಣ್ಣಿಗೆ ಕನ್ನಡಕ ಏರಿಸಿ, ಹಾಳೆಯಲ್ಲಿ ಬರೆದುಕೊಂಡು, ಒಂದೊಂದೇ ಅಂಕಿ ಜೋಪಾನವಾಗಿ ಓದಿ ಹೇಳಿದ ಮನುಷ್ಯ ಗಮನ ಕೊಡಲಿಲ್ಲ ಅನ್ನಲಾದೀತೇ? ಗಮನ ಕೊಟ್ಟರು. ಅಪಾತ್ರನಿಗೆ ಕೊಟ್ಟರು, ಅಷ್ಟೇ.

ಆನೆಟ್ ಬೇಯರ್ ಎಂಬ ತತ್ವಶಾಸ್ತ್ರಜ್ಞೆ 1986ರ ಒಂದು ಪ್ರಬಂಧದಲ್ಲಿ ನಂಬಿಕೆಯ ಬಗ್ಗೆ ಬರೆದಿದ್ದರು. ಅವರ ವಾದದ ಸಾರ ಇಷ್ಟು: ನಂಬುವುದು ಅಂದರೆ, ಇನ್ನೊಬ್ಬರು ನಮಗೆ ಕೇಡು ಮಾಡಬಲ್ಲರು ಅಂತ ಗೊತ್ತಿದ್ದೂ, ಮಾಡಲಾರರು ಅಂದುಕೊಂಡು ನಮ್ಮನ್ನು ಅವರ ಕೈಗೆ ಒಪ್ಪಿಸುವುದು. ಡಾಕ್ಟರ ಮುಂದೆ, ಬಸ್ ಡ್ರೈವರ್ ಹಿಂದೆ, ನಾವೆಲ್ಲ ದಿನಾ ಮಾಡುವುದು ಇದನ್ನೇ. ಈ ಗುಣ ಹೋದರೆ ಬದುಕು ಸಾಗುವುದಿಲ್ಲ. ವಂಚಕ ದುರುಪಯೋಗ ಮಾಡುವುದು ಹಿರಿಯರ ದಡ್ಡತನವನ್ನಲ್ಲ, ಈ ಗುಣವನ್ನು. ಆಮೇಲೆ "ಅಷ್ಟೂ ಗೊತ್ತಾಗ್ಲಿಲ್ವಾ ನಿಮಗೆ?" ಅನ್ನುವ ಮಕ್ಕಳು ಉಳಿದಿದ್ದನ್ನೂ ಕೆಡಿಸುತ್ತಾರೆ.

ಯಾಕಂದ್ರೆ ವಂಚಕನ ದೊಡ್ಡ ಆಯುಧ ಎನಿಡೆಸ್ಕ್ ಅಲ್ಲ, ನಾಚಿಕೆ. ಹಣ ಹೋದ ಮೊದಲ ಗಂಟೆಗಳಲ್ಲೇ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿದರೆ, ಆ ಹಣ ಖಾತೆಯಿಂದ ಖಾತೆಗೆ ಹಾರುವ ಮುನ್ನ ತಡೆಹಿಡಿಯುವ ಸಾಧ್ಯತೆ ಇರುತ್ತದೆ. ಆ ಗಂಟೆಗಳು ಕಳೆದುಹೋಗುವುದು "ಮಗನಿಗೆ ಹೇಗಪ್ಪಾ ಹೇಳೋದು" ಎಂಬ ಸಂಕಟದಲ್ಲಿ. ಬೈದ ಮನೆಗೆ ಸುದ್ದಿ ತಡವಾಗಿ ಬರುತ್ತದೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದು ಅಂದರೆ ಇದೇ.

ಆ ಕಡೆ ಫೋನ್ ಹಿಡಿದವರು ಯಾರು ಅನ್ನೋದನ್ನೂ ನೆನಪಿಡಬೇಕು. 2023ರ ಅಕ್ಟೋಬರಿನಲ್ಲಿ ಸಿಬಿಐ 'ಆಪರೇಷನ್ ಚಕ್ರ-2' ಹೆಸರಲ್ಲಿ ದೇಶದ ಹಲವೆಡೆ ಶೋಧ ನಡೆಸಿತು. ಅಮೆಜಾನ್, ಮೈಕ್ರೋಸಾಫ್ಟ್ ಟೆಕ್ ಸಪೋರ್ಟ್ ಅಂತ ಹೇಳಿಕೊಂಡು ವಿದೇಶದವರನ್ನು ವಂಚಿಸುತ್ತಿದ್ದ ಕಾಲ್ ಸೆಂಟರ್‌ಗಳೂ ಅದರಲ್ಲಿದ್ದವು. ನಮ್ಮ ಹಾಗೇ ಹೆಡ್‌ಸೆಟ್, ನಮ್ಮ ಹಾಗೇ ಶಿಫ್ಟು. ಇನ್ನೊಬ್ಬರ ಅಪ್ಪನ ಉಳಿತಾಯ ಅಲ್ಲಿ ಯಾರದೋ ತಿಂಗಳ ಸಂಬಳ. ಇಂಥ ಕಡೆ ಅಪರಾಧದ ಭಾರವನ್ನೆಲ್ಲ ನಂಬಿದವರ ತಲೆಗೆ ಕಟ್ಟುವುದು ನ್ಯಾಯವಲ್ಲ.

ಇನ್ನು ಬೇಲಿಯ ವಿಚಾರ. ಇದನ್ನು ಜೊತೆಯಲ್ಲಿ ಕೂತು ಮಾಡಿ, ಕೀಬೋರ್ಡ್ ಅವರ ಕೈಯಲ್ಲೇ ಇರಲಿ. ದಿನಬಳಕೆಗೆ ಸ್ಟ್ಯಾಂಡರ್ಡ್ ಅಕೌಂಟ್, ಅಡ್ಮಿನ್ ಪಾಸ್‌ವರ್ಡ್ ಅವರ ಡೈರಿಯಲ್ಲೇ. ಆದರೆ ಇದೊಂದನ್ನೇ ನಂಬಿ ಕೂರಬೇಡಿ, ಎನಿಡೆಸ್ಕ್ ಇನ್‌ಸ್ಟಾಲ್ ಮಾಡದೆಯೂ ಓಡುತ್ತದೆ. ಸಹಾಯ ಮುಗಿದ ಮೇಲೆ ಅಂಥ ಸಾಫ್ಟ್‌ವೇರ್ ತೆಗೆದುಹಾಕಿ. ಆನ್‌ಲೈನ್ ಖರ್ಚಿಗೆ ಸ್ವಲ್ಪ ಹಣದ ಬೇರೆ ಖಾತೆ ಇರಲಿ, ದೊಡ್ಡ ಖಾತೆಯ ದಿನದ ಮಿತಿಯನ್ನು ಇಳಿಸಿಬಿಡಲಿ. ಮೈಕ್ರೋಸಾಫ್ಟಿನ ಎಚ್ಚರಿಕೆ ಸಂದೇಶಗಳಲ್ಲಿ ಫೋನ್ ನಂಬರ್ ಇರುವುದೇ ಇಲ್ಲ, ನಂಬರ್ ಕಂಡರೆ ಅದು ಮೋಸ. ಪೂರ್ತಿ ಸ್ಕ್ರೀನ್ ಹೆದರಿಸಿದರೆ ಎಸ್ಕೇಪ್ ಕೀ ಒತ್ತಿ ಹಿಡಿಯಬೇಕು, ಹೋಗದಿದ್ದರೆ ಪವರ್ ಬಟನ್. ಯಾರೋ ಒಳಗೆ ಬಂದೇಬಿಟ್ಟಿದ್ದಾರೆ ಅನ್ನಿಸಿದರೆ ಮೊದಲು ವೈಫೈ ಆಫ್, ಆಮೇಲೆ ಬೇರೆ ಫೋನಿನಿಂದ ಬ್ಯಾಂಕಿಗೆ ಕರೆ.

ಎಲ್ಲಕ್ಕಿಂತ ಮುಖ್ಯವಾದ ಬೇಲಿ ಸೆಟ್ಟಿಂಗ್ಸಿನಲ್ಲಿ ಇಲ್ಲ. ಅದು ಒಂದು ಹಕ್ಕು: ಫೋನ್ ಇಟ್ಟುಬಿಡುವ ಹಕ್ಕು. ನಮ್ಮ ಹಿರಿಯರಿಗೆ ಮಾತಿನ ನಡುವೆ ಫೋನ್ ಕಟ್ ಮಾಡುವುದು ಅಂದ್ರೆ ಮನೆಗೆ ಬಂದವರ ಮುಖಕ್ಕೆ ಬಾಗಿಲು ಹಾಕಿದಷ್ಟು ಮುಜುಗರ. ಆ ಸೌಜನ್ಯದಲ್ಲೇ ಅರ್ಧ ಗಂಟೆ ಸಿಕ್ಕಿಹಾಕಿಕೊಳ್ಳುತ್ತಾರೆ. ಅವರಿಗೆ ಹೇಳಬೇಕಾದ್ದು "ಯಾರನ್ನೂ ನಂಬಬೇಡಿ" ಅಂತಲ್ಲ. "ಕಂಪ್ಯೂಟರ್ ವಿಷಯಕ್ಕೆ ಯಾರೇ ಫೋನ್ ಮಾಡಲಿ, ಇಟ್ಟುಬಿಡಿ. ನಾನು ಮಾಡಿದ್ರೂ ಇಟ್ಟು, ನನ್ನ ನಂಬರಿಗೆ ನೀವೇ ತಿರುಗಿ ಮಾಡಿ" ಅಂತ. ಬ್ಯಾಂಕಿಗಾದರೆ ಪಾಸ್‌ಬುಕ್ಕಿನಲ್ಲಿರುವ ನಂಬರಿಗೆ.

ಈ ನಿಯಮದಲ್ಲಿ ಮಕ್ಕಳಿಗೂ ವಿನಾಯಿತಿ ಇಲ್ಲ. ಮುಂದಿನ ಭಾನುವಾರ ಪ್ರಿಂಟರ್ ಕೆಟ್ಟಾಗ ನೀವು ಫೋನ್ ಮಾಡುತ್ತೀರಿ, ಅಪ್ಪ "ಇರು, ನಾನೇ ಮಾಡ್ತೀನಿ" ಅಂತ ಕಟ್ ಮಾಡುತ್ತಾರೆ. ನಿಮಗೆ ಮೀಟಿಂಗ್ ಇದ್ದರೂ ಸರಿ, ಅವರು ತಿರುಗಿ ಮಾಡುವವರೆಗೆ ಕಾಯಿರಿ.